ಬೆಲ್ಲದ ಪಾಯಸದಲ್ಲಿ ಹಾಲು ಒಡೆಯದಿರಲು

ಮೊನ್ನೆ ಶಾವಿಗೆ ಪಾಯಸಕ್ಕೆ ಬೆಲ್ಲ ಹಾಕಿದ್ದೇ ತಡ, ನೀರೇ ಬೇರೆ, ಗಡ್ಡೆಯೇ ಬೇರೆ! ಸುಮ್ನೆ ಹಾಲಿನವರನ್ನು ಬೈದುಕೊಂಡೆ. ಪಾಪ, ತಪ್ಪು ನನ್ನದೇ.

ಹಾಲಿನಲ್ಲಿ ಕೇಸಿನ್ ಅನ್ನೋ ಪ್ರೋಟೀನ್ ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಾಗಿ ತೇಲುತ್ತಿರುತ್ತದೆ. ಎಲ್ಲ ಉಂಡೆಗಳ ಮೇಲೂ ಒಂದೇ ಬಗೆಯ ವಿದ್ಯುತ್ ಅಂಶ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ಹುಳಿಯನ್ನು ಅಳೆಯುವ ಅಂಕಿಗೆ ಪಿಎಚ್ ಅಂತಾರೆ, ಹುಳಿ ಹೆಚ್ಚಿದಷ್ಟೂ ಅದು ಇಳಿಯುತ್ತದೆ. ತಾಜಾ ಹಾಲಿನ ಪಿಎಚ್ ಸುಮಾರು 6.6. ಹುಳಿ ಸೇರಿ ಅದು 4.6ರ ಹತ್ತಿರ ಇಳಿದರೆ ತಳ್ಳಾಟ ನಿಂತು ಉಂಡೆಗಳು ಅಂಟಿಕೊಳ್ಳುತ್ತವೆ. ಮೊಸರು ಹೆಪ್ಪಾಗುವುದೂ ಹೀಗೇ ಅಲ್ವಾ? ಆದರೆ ಹಾಲು ಕುದಿಯುತ್ತಿದ್ದರೆ ಅಷ್ಟು ಹುಳಿ ಬೇಕಾಗಿಲ್ಲ. ಬೆಲ್ಲದಲ್ಲಿರುವ ಚೂರು ಹುಳಿಯೇ ಸಾಕು. ಹಳೇ ಬೆಲ್ಲವಾದರೆ ಇನ್ನೂ ಜಾಸ್ತಿ.

ಅದಕ್ಕೇ ಬೆಲ್ಲವನ್ನು ನೀರಿನಲ್ಲಿ ಬೇರೆ ಕರಗಿಸಿ, ಸೋಸಿ, ಆರಲು ಬಿಡಿ. ಪಾಯಸ ಕೆಳಗಿಳಿಸಿ, ಉಗುರು ಬೆಚ್ಚಗಾದ ಮೇಲೆ ಸ್ವಲ್ಪಸ್ವಲ್ಪವೇ ಸುರಿದು ಕಲಸಿ. ಮತ್ತೆ ಕುದಿಸಬೇಡಿ. ಕೆಲವರು ಚಿಟಿಕೆ ಸೋಡಾ ಹಾಕುತ್ತಾರೆ. ಹುಳಿ ಕಡಿಮೆಯಾಗುವುದು ನಿಜ, ಆದರೆ ನನಗೆ ಆ ರುಚಿ ಹಿಡಿಸುವುದಿಲ್ಲ.

ಒಡೆದದ್ದನ್ನು ಚೆಲ್ಲಬೇಡಿ. ನಾನು ಏಲಕ್ಕಿ, ತುಪ್ಪ ಹಾಕಿ ಬತ್ತಿಸಿಟ್ಟೆ. ಸಂಜೆಯೊಳಗೆ ಪಾತ್ರೆ ಖಾಲಿ.