ಒಮಾನ್ ನೋಡೋಕೆ ಬರೋ ನಮ್ಮವರಿಗೆ, ಮಸ್ಕತ್‌ನಿಂದ

ಊರಿಂದ ಯಾರು ಫೋನ್ ಮಾಡಿದ್ರೂ ಕೇಳೋದು ಒಂದೇ, ದುಬೈಗೆ ಬರ್ತಾ ಇದೀವಿ, ಹಾಗೇ ಒಂದಿನ ಮಸ್ಕತ್‌ಗೂ ಬಂದು ಹೋಗ್ಲಾ ಅಂತ. ಬೇಡ ಅಂತ್ಲೇ ಹೇಳ್ತೀನಿ ನಾನು. ಬಂದ್ರೆ ಒಂದು ವಾರಕ್ಕೆ ಬನ್ನಿ, ಒಂದು ಕಾರ್ ಬಾಡಿಗೆಗೆ ತಗೊಳ್ಳಿ, ಯಾಕಂದ್ರೆ ಈ ದೇಶದಲ್ಲಿ ನೋಡೋದೆಲ್ಲ ಊರಿನ ಹೊರಗಿದೆ. ಮುಗಿಲೆತ್ತರದ ಬಿಲ್ಡಿಂಗ್ ಇಲ್ಲಿಲ್ಲ, ಮಸ್ಕತ್ ಅಂದ್ರೆ ಬಿಳಿ ಬಿಳಿ ಗಿಡ್ಡ ಮನೆಗಳು, ಹಿಂದುಗಡೆ ಒಂದು ಹುಲ್ಲುಕಡ್ಡಿ ಇಲ್ಲದ ಕಂದು ಬೆಟ್ಟ, ಮುಂದೆ ಸಮುದ್ರ.

ವೀಸಾ ವಿಷಯ ಬೇಗ ಮುಗಿಸ್ತೀನಿ. ರಾಯಲ್ ಒಮಾನ್ ಪೊಲೀಸ್‌ನವರದ್ದೇ ಇವೀಸಾ ವೆಬ್‌ಸೈಟ್ ಇದೆ, ಅಲ್ಲೇ ಅಪ್ಲೈ ಮಾಡಿ, ಪಾಸ್‌ಪೋರ್ಟ್ ಆರು ತಿಂಗಳಾದ್ರೂ ಚಾಲ್ತೀಲಿ ಇರ್ಬೇಕು. ಫೀಸ್ ಆಗಾಗ ಬದಲಾಗುತ್ತೆ, ಅಲ್ಲಿ ತೋರಿಸಿದ್ದನ್ನೇ ನಂಬಿ. ದುಡ್ಡಿನ ಲೆಕ್ಕ ಮಾತ್ರ ಸರಿಯಾಗಿ ತಿಳ್ಕೊಳ್ಳಿ, ಒಂದು ರಿಯಾಲ್‌ಗೆ 1000 ಬೈಸಾ, ಬಿಲ್ಲಲ್ಲಿ 1.500 ಅಂತ ಬರೆದಿದ್ರೆ ಅದು ಒಂದೂವರೆ ಸಾವಿರ ಅಲ್ಲ, ಒಂದೂವರೆ ರಿಯಾಲ್. ಆದ್ರೆ ಒಂದು ರಿಯಾಲ್ ಅಂದ್ರೇನೇ ನಮ್ಮ ಇನ್ನೂರು ರೂಪಾಯಿ ಮೇಲೆ, ಹಾಗಾಗಿ ಬರೀ ಒಂದ್ ತಾನೆ ಅಂತ ಕೊಡ್ತಾ ಹೋದ್ರೆ ಪರ್ಸ್ ಖಾಲಿ. ಬೈಸಾ ಅನ್ನೋ ಹೆಸರು ನಮ್ಮ ಪೈಸೆಯದ್ದೇ, 1970ರ ತನಕ ಮಸ್ಕತ್‌ನಲ್ಲಿ ಓಡ್ತಿದ್ದಿದ್ದು ನಮ್ಮ ರಿಸರ್ವ್ ಬ್ಯಾಂಕ್ ಗಲ್ಫ್‌ಗಂತ್ಲೇ ಪ್ರಿಂಟ್ ಮಾಡಿದ್ದ ರೂಪಾಯಿ. ಮುತ್ರಾ ಸೂಕ್‌ನಲ್ಲಿ, ಅಂದ್ರೆ ಅಲ್ಲಿನ ಹಳೇ ಪೇಟೇಲಿ, ಹಿಂದಿಯಲ್ಲಿ ಚೌಕಾಸಿ ಮಾಡ್ಬಹುದು, ಹಳೇ ಮಸ್ಕತ್‌ನಲ್ಲಿ ನೂರು ವರ್ಷಕ್ಕಿಂತ ಹಳೇ ಶಿವನ ದೇವಸ್ಥಾನ ಇದೆ, ದಾರ್ಸೈಟ್‌ನಲ್ಲಿ ಕೃಷ್ಣನ ಗುಡಿ ಇದೆ.

ಅಕ್ಟೋಬರ್‌ನಿಂದ ಮಾರ್ಚ್ ಒಳಗೆ ಬನ್ನಿ. ಮೇ ಜೂನ್‌ನಲ್ಲಿ ಮಕ್ಕಳಿಗೆ ರಜೆ ಅಂತ ಕರ್ಕೊಂಡು ಬಂದ್ರೆ 45 ಡಿಗ್ರಿ ಬಿಸಿಲಲ್ಲಿ ಕಾರಿನ ಬಾಗಿಲು ಮುಟ್ಟೋಕಾಗಲ್ಲ. ದಕ್ಷಿಣದ ಸಲಾಲಾ ಒಂದು ಮಾತ್ರ ಬೇರೆ, ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ ನಮ್ಮ ಮುಂಗಾರಿನ ಅಂಚು ಅಲ್ಲಿನ ಬೆಟ್ಟಕ್ಕೆ ತಗಲುತ್ತೆ, ಖರೀಫ್ ಅಂತಾರೆ, ಮಂಜು, ಜಿನುಗು ಮಳೆ, ಹಸಿರು ಬೆಟ್ಟ, ರೋಡ್ ಪಕ್ಕ ಎಳನೀರು ಬಾಳೆಹಣ್ಣಿನ ಅಂಗಡಿ, ಕರಾವಳಿಯವರಿಗೆ ಅದನ್ನ ನೋಡಿದ್ರೆ ಊರೇ ನೆನಪಾಗುತ್ತೆ. ಆದ್ರೆ ಮಸ್ಕತ್‌ನಿಂದ 1000 ಕಿಲೋಮೀಟರ್, ವಿಮಾನದಲ್ಲೇ ಹೋಗಿ.

ಈಗ ರೋಡಿನ ಮಾತು, ಇದನ್ನ ದಯವಿಟ್ಟು ಪೂರ್ತಿ ಓದಿ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಊರಲ್ಲೇ ಆರ್‌ಟಿಓ ಆಫೀಸಲ್ಲಿ ಮಾಡಿಸ್ಕೊಂಡು ಬನ್ನಿ. ಗಾಡಿ ಓಡೋದು ರೋಡಿನ ಬಲಗಡೆ, ಹೈವೇಲಿ 120ರ ಲಿಮಿಟ್, ಎಲ್ಲಾ ಕಡೆ ಕ್ಯಾಮೆರಾ. ಪೆಟ್ರೋಲ್ ಲೀಟರಿಗೆ ಕಾಲು ರಿಯಾಲ್‌ಗಿಂತ ಕಡಿಮೆ, ರೋಡು ತುಂಬಾ ನುಣುಪು, ಹಾಗಾಗಿ ಭಯ ಇರೋದು ರೋಡಿಂದಲ್ಲ, ವಾದಿಯಿಂದ. ವಾದಿ ಅಂದ್ರೆ ನಮ್ಮ ಒಣ ಹಳ್ಳ. ಹನ್ನೊಂದು ತಿಂಗಳು ಬರೀ ಕಲ್ಲು, ಆಮೇಲೆ ಎಲ್ಲೋ ಬೆಟ್ಟದ ಮೇಲೆ ಮಳೆ ಸುರಿದ್ರೆ ನಿಮ್ಮ ತಲೆ ಮೇಲೆ ಬಿಸಿಲಿದ್ದಾಗ್ಲೇ ನೀರು ಬಂದುಬಿಡುತ್ತೆ. ಒಂದ್ಸಲ ನಿಜ್ವಾ ಕಡೆಯಿಂದ ಬರೋವಾಗ ರೋಡ್ ಅಡ್ಡ ಒಂದು ಮೊಣಕಾಲು ನೀರು ಹರೀತಿತ್ತು, ಇಷ್ಟೇ ತಾನೆ ಅಂತ ನಾನು ಗೇರ್ ಹಾಕಿದ್ದೆ, ಪಕ್ಕದ ಗಾಡಿಯ ಒಮಾನಿ ಅಜ್ಜ ಇಳಿದು ಬಂದು ಬಾನೆಟ್ ಮೇಲೆ ಕೈಯಿಟ್ಟು ನಿಂತ್ಬಿಟ್ರು, ಬಾಯಲ್ಲಿ ಒಂದೇ ಮಾತು, ಲಾ, ಲಾ, ಅಂದ್ರೆ ಬೇಡ. ಹತ್ತು ನಿಮಿಷಕ್ಕೆ ಆ ನೀರು ಕೆಂಪಗಾಗಿ ಒಂದು ಪೂರ್ತಿ ಖರ್ಜೂರದ ಮರವನ್ನ ಉರುಳಿಸ್ಕೊಂಡು ಹೋಯ್ತು. ಮೂರು ಗಂಟೆ ಅಲ್ಲೇ ಕಾದ್ವಿ, ಅಜ್ಜ ಫ್ಲಾಸ್ಕಿಂದ ಕಹ್ವಾ ಕೊಟ್ರು. ಹರಿಯೋ ವಾದಿಗೆ ಗಾಡಿ ಇಳಿಸಿದ್ರೆ ಇಲ್ಲಿ ಫೈನ್ ಅಷ್ಟೇ ಅಲ್ಲ ಜೈಲೂ ಇದೆ, ಅದು ಸರಿಯಾದ ಕಾನೂನೇ ಅಂತ ನನ್ನ ಅಭಿಪ್ರಾಯ, ಪ್ರತಿ ಮಳೆಗೂ ಇಲ್ಲಿ ಜೀವ ಹೋಗುತ್ತೆ.

ಕಹ್ವಾ ಅಂದ್ರೆ ಏಲಕ್ಕಿ ಹಾಕಿದ ಕಹಿ ಕಾಫಿ, ಹಾಲಿಲ್ಲ ಸಕ್ಕರೆ ಇಲ್ಲ, ಜೊತೆಗೆ ಖರ್ಜೂರ. ಹಿಡಿಯಿಲ್ಲದ ಪುಟ್ಟ ಬಟ್ಟಲು, ಬಲಗೈಲೇ ತಗೊಳ್ಳಿ. ಕುಡಿದು ಖಾಲಿ ಮಾಡಿ ಕೊಟ್ರೆ ಮತ್ತೆ ತುಂಬ್ತಾರೆ, ಸಾಕು ಅನ್ನೋಕೆ ಬಟ್ಟಲನ್ನ ಆಕಡೆ ಈಕಡೆ ಅಲ್ಲಾಡಿಸ್ಬೇಕು.

ಮರಳುಗಾಡು ನೋಡ್ಬೇಕು ಅಂದ್ರೆ ಬಿದಿಯಾಗೆ ಹೋಗಿ, ಶರ್ಕಿಯಾ ಮರಳು ಶುರುವಾಗೋದೇ ಅಲ್ಲಿ, ಹಳಬರು ವಹೀಬಾ ಅಂತಾರೆ. ನಿಮ್ಮ ಬಾಡಿಗೆ ಕಾರಲ್ಲಿ ಮರಳಿಗೆ ಇಳೀಬೇಡಿ, ಕ್ಯಾಂಪ್‌ನವರೇ ಫೋರ್ ವೀಲ್ ಗಾಡಿ ಕಳಿಸ್ತಾರೆ. ಡ್ರೈವರ್ ಮೊದಲು ಟೈರಿನ ಗಾಳಿ ಅರ್ಧ ಬಿಡ್ತಾರೆ, ಟೈರ್ ಚಪ್ಪಟೆಯಾಗಿ ಹರಡ್ಕೊಂಡ್ರೆ ಮರಳಲ್ಲಿ ಹೂತ್ಕೊಳ್ಳಲ್ಲ. ಜಬಲ್ ಅಖ್ದರ್ ಬೆಟ್ಟಕ್ಕೂ ಹಾಗೇ, ಕೆಳಗೆ ಪೊಲೀಸ್ ಚೆಕ್‌ಪೋಸ್ಟ್ ಇದೆ, ಫೋರ್ ವೀಲ್ ಇಲ್ದಿದ್ರೆ ವಾಪಸ್ ಕಳಿಸ್ತಾರೆ. ದಾರೀಲಿ ನಿಜ್ವಾ ಕೋಟೆ ನೋಡಿ, ಶುಕ್ರವಾರ ಬೆಳಿಗ್ಗೆ ಆಡಿನ ಸಂತೆ ನೋಡಿ, ಊರ ಹೊರಗೆ ಫಲಜ್ ದಾರಿಸ್ ಕಾಲುವೆಯಲ್ಲಿ ಕಾಲು ಇಳಿಬಿಟ್ಟು ಕೂರಿ. ನೆಲದಡಿಯ ನೀರನ್ನ ಬರೀ ಇಳಿಜಾರಿನ ಲೆಕ್ಕದಲ್ಲಿ ತೋಟಕ್ಕೆ ಹರಿಸಿ, ಯಾರಿಗೆ ಎಷ್ಟು ಹೊತ್ತು ನೀರು ಅಂತ ಪಾಲು ಹಾಕ್ಕೊಂಡಿರೋ ವ್ಯವಸ್ಥೆ ಅದು, 2006ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರ್ತು. ನಮ್ಮ ಕೆರೆ ತೂಬುಗಳ ಕಥೆ ಗೊತ್ತಿರೋರಿಗೆ ಇದರ ಬೆಲೆ ತಕ್ಷಣ ಗೊತ್ತಾಗುತ್ತೆ.

ಮಸ್ಕತ್‌ನ ಸುಲ್ತಾನ್ ಕಾಬೂಸ್ ದೊಡ್ಡ ಮಸೀದಿಗೆ ಮುಸ್ಲಿಮರಲ್ಲದವರಿಗೆ ಪ್ರವೇಶ ಬೆಳಿಗ್ಗೆ 8ರಿಂದ 11, ಶುಕ್ರವಾರ ಇಲ್ಲ. ಹೆಂಗಸರು ತಲೆ ಮುಚ್ಚೋ ದುಪ್ಪಟ್ಟಾ, ಕೈಕಾಲು ಮುಚ್ಚೋ ಬಟ್ಟೆ, ಗಂಡಸರಿಗೂ ಚಡ್ಡಿ ನಡೆಯಲ್ಲ. ರಂಜಾನ್‌ನಲ್ಲಿ ಹಗಲು ಹೊತ್ತು ಹೊರಗಡೆ ನೀರೂ ಕುಡೀಬಾರ್ದು. ಹೆಂಗಸರ ಫೋಟೋ ಕೇಳ್ದೆ ತೆಗೀಬೇಡಿ. ಇನ್ನೊಂದು, ಗಸಗಸೆ ಪಾಯಸಕ್ಕೆ ಅಂತ ಅತ್ತೆ ಬ್ಯಾಗಲ್ಲಿ ಗಸಗಸೆ ಪೊಟ್ಟಣ ಇಟ್ಟಿರ್ತಾರೆ, ತೆಗೆದಿಡಿ, ಯುಎಇ ಸೌದಿಯಲ್ಲಿ ಅದು ನಿಷೇಧ, ದುಬೈ ಮೇಲಿಂದ ಬರೋರಿಗೆ ದೊಡ್ಡ ತೊಂದ್ರೆ ಆಗುತ್ತೆ. ಮಾತ್ರೆ ತರೋದಾದ್ರೆ ಡಾಕ್ಟರ್ ಚೀಟಿ ಜೊತೆಗಿರ್ಲಿ.

ಕೊನೇ ರಾತ್ರಿ ಸೂರ್ ಅನ್ನೋ ಊರಿನ ಆಚೆ ರಾಸ್ ಅಲ್ ಜಿಂಜ್‌ಗೆ ಇಟ್ಕೊಳ್ಳಿ, ಕಡಲಾಮೆ ಮೊಟ್ಟೆ ಇಡೋ ಜಾಗ. ಗೈಡ್ ಜೊತೆಗೇ ಹೋಗ್ಬೇಕು, ಮೊಬೈಲ್ ಲೈಟ್ ಹಾಕೋ ಹಾಗಿಲ್ಲ. ನಾವು ಹೋದಾಗ ಒಂದು ಭಾರಿ ಆಮೆ ಮೊಟ್ಟೆ ಇಟ್ಟು ಹಿಂದಿನ ಕಾಲಿಂದ ಗುಂಡಿ ಮುಚ್ತಾ ಇತ್ತು, ಅದು ಎಸೆದ ಒದ್ದೆ ಮರಳು ನನ್ನ ಮಗಳ ಪಾದದ ಮೇಲೆ ಬಿತ್ತು, ಅವಳು ಅಲ್ಲಾಡ್ಲಿಲ್ಲ, ಉಸಿರೂ ಬಿಡ್ಲಿಲ್ಲ. ಜನ ಜಾಸ್ತಿ ಬಿಡಲ್ಲ ಅಲ್ಲಿ, ವಿಮಾನದ ಟಿಕೆಟ್ ತೆಗೆಸೋವಾಗ್ಲೇ ಅದನ್ನೂ ಬುಕ್ ಮಾಡ್ಬಿಡಿ.