ಮಾಡದ ತಪ್ಪಿಗೆ ದಂಡದ ನೋಟಿಸ್ ಬಂದರೆ

ಸ್ಕೂಟರ್ ಮೂರು ದಿನದಿಂದ ತೀರ್ಥಹಳ್ಳಿಯ ಮನೆಯ ಕೊಟ್ಟಿಗೆ ಬಿಟ್ಟು ಕದಲಿಲ್ಲ. ಆದರೂ ಶಿವಮೊಗ್ಗದ ಗೋಪಿ ವೃತ್ತದಲ್ಲಿ ಹೆಲ್ಮೆಟ್ ಇಲ್ಲದೆ ಓಡಿಸಿದ್ದಕ್ಕೆ 500 ರೂಪಾಯಿ ದಂಡ ಎಂದು ಮೊಬೈಲಿಗೆ ಸಂದೇಶ ಬಂತು ಎಂದಿಟ್ಟುಕೊಳ್ಳಿ. ಐನೂರಕ್ಕಾಗಿ ಯಾರು ಬಸ್ ಹತ್ತುತ್ತಾರೆ ಎಂದು ಕಟ್ಟಿ ಕೈತೊಳೆದುಕೊಳ್ಳುವವರಿದ್ದಾರೆ. ಆದರೆ ದಂಡ ಕಟ್ಟುವುದೆಂದರೆ ಮೋಟಾರು ವಾಹನ ಕಾಯ್ದೆಯ ಪ್ರಕಾರ ರಾಜಿಯಾದಂತೆ. ಆಮೇಲೆ ತಕರಾರು ತೆಗೆದರೆ ಕೇಳುವವರು ಕಡಿಮೆ. ಅರ್ಧ ದಂಡದ ರಿಯಾಯಿತಿಗೆ ಕಾಯುವವರೂ ಉಂಟು. 2023ರಲ್ಲೂ 2025ರಲ್ಲೂ ಸರ್ಕಾರ ಹಳೆಯ ಬಾಕಿಗೆ ಅದನ್ನು ಕೊಟ್ಟಿತ್ತು. ತಪ್ಪೇ ಮಾಡದವನಿಗೆ ಅರ್ಧ ದಂಡವೂ ದಂಡವೇ.

ಮೊದಲು ಸಂದೇಶ ಅಸಲಿಯೇ ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಕಡತದ (ಫೋನಿಗೆ ಆ್ಯಪ್ ಅಳವಡಿಸುವ ಕಡತ) ರೂಪದಲ್ಲಿ ಬಂದ ಚಲನ್ ವಂಚಕರದು, ಮುಟ್ಟಬೇಡಿ. ಸಂದೇಶದ ಕೊಂಡಿ ಒತ್ತದೆ, ಕೇಂದ್ರ ಸರ್ಕಾರದ ಪರಿವಾಹನ್ ಇ-ಚಲನ್ ಜಾಲತಾಣವನ್ನು ನೀವೇ ತೆರೆದು ವಾಹನದ ಸಂಖ್ಯೆ ಹಾಕಿ. ಆರ್‌ಸಿ ಕೈಯಲ್ಲಿರಲಿ, ಚಾಸಿ ಅಥವಾ ಎಂಜಿನ್ ಸಂಖ್ಯೆಯ ಕೊನೆಯ ಅಂಕಿಗಳನ್ನು ಕೇಳುತ್ತದೆ.

ಚಲನ್ ಸಿಕ್ಕಿದರೆ ಮೊತ್ತ ನೋಡುವ ಮೊದಲು ಫೋಟೊ ನೋಡಿ, ದೊಡ್ಡದು ಮಾಡಿ ನೋಡಿ. ಮಲೆನಾಡಿನ ಮಳೆಗಾಲದಲ್ಲಿ ನಂಬರ್ ಪ್ಲೇಟ್ ಸ್ವಚ್ಛವಾಗಿರುವುದೇ ಅಪರೂಪ. ಇಂಗ್ಲಿಷಿನ ಇ ಅಕ್ಷರದ ಕೆಳಗೆರೆಗೆ ಕೆಸರು ಮೆತ್ತಿದರೆ ಅದು ಎಫ್. 8ರ ಎಡಮಗ್ಗುಲು ಮುಚ್ಚಿದರೆ 3. ಯಾರದೋ ಕೆಸರು ಹೀಗೆ ನಿಮ್ಮ ಹೆಗಲಿಗೆ ಬರುತ್ತದೆ. ಆದ್ದರಿಂದ ಅಂಕಿಯ ಜೊತೆಗೆ ವಾಹನವನ್ನೂ ಹೋಲಿಸಿ: ಬಣ್ಣ, ಕಂಪನಿ, ಹಿಂದಿನ ದೀಪದ ಆಕಾರ, ಸೀರೆ ಗಾರ್ಡ್ ಇದೆಯೇ ಇಲ್ಲವೇ. ಫೋಟೊದಲ್ಲಿರುವುದು ನಿಮ್ಮದೇ ಸ್ಕೂಟರ್ ಆಗಿದ್ದು, ಮೇಲೆ ತಂಗಿಯ ಮಗ ಕೂತಿದ್ದರೆ ಈ ಲೇಖನವನ್ನು ಇಲ್ಲಿಗೇ ಬಿಡಿ. ದಂಡ ಕಟ್ಟಿ, ಅವನಿಂದ ವಸೂಲು ಮಾಡಿ.

ದಿನಾಂಕಗಳನ್ನೂ ಗುರುತು ಹಾಕಿಕೊಳ್ಳಿ. 2021ರಲ್ಲಿ ಸೇರಿಸಿದ ಕೇಂದ್ರ ಮೋಟಾರು ವಾಹನ ನಿಯಮ 167ಎ ಪ್ರಕಾರ ಕ್ಯಾಮೆರಾ ಹಿಡಿದ ತಪ್ಪಿನ ನೋಟಿಸನ್ನು 15 ದಿನಗಳೊಳಗೆ ಕಳುಹಿಸಬೇಕು. ನಂಬರ್ ಪ್ಲೇಟ್ ಕಾಣುವ ಸ್ಪಷ್ಟ ಫೋಟೊ, ಸ್ಥಳ, ಸಮಯ ಎಲ್ಲವೂ ಅದರಲ್ಲಿರಬೇಕು. ಇಲ್ಲದಿದ್ದರೆ ಅದನ್ನೂ ಅರ್ಜಿಯಲ್ಲಿ ಬರೆಯಿರಿ.

ಇನ್ನು ಅರ್ಜಿ. ಜಾಲತಾಣದಲ್ಲಿಯೇ ದೂರು ಸಲ್ಲಿಸುವ ವಿಭಾಗವಿದೆ. ಆದರೂ ಠಾಣೆಗೊಂದು ಲಿಖಿತ ಅರ್ಜಿ ಕೊಡುವುದೇ ನನಗೆ ಸರಿ ಕಾಣುತ್ತದೆ. ಪಾಲಿಕೆಗೆ ಹೋಗಿ ಕಾಲು ಸವೆಸಬೇಡಿ, ಈ ದಂಡ ಸಂಚಾರ ಪೊಲೀಸರದು. ಶಿವಮೊಗ್ಗದಲ್ಲಿ ಪೂರ್ವ, ಪಶ್ಚಿಮ ಎಂದು ಎರಡು ಸಂಚಾರ ಠಾಣೆಗಳಿವೆ. ಯಾವುದಕ್ಕೆ ಹೋಗಬೇಕು ಎಂಬುದನ್ನು ಚಲನ್ ನೋಡಿ ತಿಳಿದುಕೊಳ್ಳಿ. ಅರ್ಜಿ ಉದ್ದ ಬೇಡ: 'ಚಲನ್ ಸಂಖ್ಯೆ ಇಂತಿಷ್ಟರ ಫೋಟೊದಲ್ಲಿರುವುದು ಕಪ್ಪು ಬೈಕ್. ನನ್ನದು ನೀಲಿ ಸ್ಕೂಟರ್. ಆರ್‌ಸಿ ಪ್ರತಿ ಮತ್ತು ವಾಹನದ ಫೋಟೊ ಲಗತ್ತಿಸಿದ್ದೇನೆ. ಚಲನ್ ರದ್ದುಪಡಿಸಬೇಕಾಗಿ ವಿನಂತಿ.' ಅಂದಿನ ಗ್ಯಾರೇಜ್ ಬಿಲ್ಲೋ ಮನೆಯ ಸಿಸಿಟಿವಿ ದೃಶ್ಯವೋ ಇದ್ದರೆ ಜೊತೆಗಿಡಿ. ಎರಡನೇ ಪ್ರತಿಯ ಮೇಲೆ ಮುದ್ರೆ, ಸಹಿ, ದಿನಾಂಕ ಹಾಕಿಸಿಕೊಳ್ಳದೆ ಕದಲಬೇಡಿ. ನಿಮ್ಮ ಸಂಖ್ಯೆಯನ್ನೇ ಬೇರೆ ಗಾಡಿಗೆ ಬರೆಸಿಕೊಂಡು ತಿರುಗುತ್ತಿದ್ದಾರೆ ಎಂಬ ಗುಮಾನಿ ಇದ್ದರೆ ಅದಕ್ಕೆ ಪ್ರತ್ಯೇಕ ಪೊಲೀಸ್ ದೂರು ಕೊಡಿ.

ಮಾರಿದ ವಾಹನದ ಕಥೆ ಬೇರೆ. ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ನೋಟಿಸ್ ಹಳೆಯ ಮಾಲೀಕನ ಮನೆಗೇ ಬರುತ್ತದೆ. ಮಾರಿದಾಗ ಆರ್‌ಟಿಒ ಕಚೇರಿಗೆ ಕೊಟ್ಟ ನಮೂನೆ 29ರ (ಮಾಲೀಕತ್ವ ವರ್ಗಾವಣೆಯ ತಿಳಿವಳಿಕೆ ಪತ್ರ) ಪ್ರತಿ ಆಗ ಆಧಾರ.

ಠಾಣೆಯಲ್ಲಿ ಬಗೆಹರಿಯದೆ ಪ್ರಕರಣ ಆನ್‌ಲೈನಿನಲ್ಲೇ ನಡೆಯುವ ವರ್ಚುವಲ್ ನ್ಯಾಯಾಲಯಕ್ಕೆ ಹೋದರೆ ಅಲ್ಲಿ ಎರಡು ದಾರಿ: ದಂಡ ಕಟ್ಟುವುದು, ಇಲ್ಲವೇ ತಕರಾರು ಹೂಡುವುದು. ಎರಡನೆಯದನ್ನು ಆರಿಸಿದರೆ ಪ್ರಕರಣ ಸಾಮಾನ್ಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ವರ್ಗವಾಗುತ್ತದೆ. ಲೋಕ ಅದಾಲತ್ ರಾಜಿಯ ಜಾಗ. ನಾನು ಅಲ್ಲವೇ ಅಲ್ಲ ಎಂದು ಸಾಧಿಸಬೇಕಾದವರಿಗೆ ಅದು ಹೊಂದುವುದಿಲ್ಲ. ಕೋರ್ಟಿಗೆ ಹೋಗುವ ದಿನ ಮೂಲ ಆರ್‌ಸಿ, ಮುದ್ರೆ ಬಿದ್ದ ಅರ್ಜಿ, ಎರಡೂ ವಾಹನಗಳ ಫೋಟೊ ಜೊತೆಗಿರಲಿ. ಫೋಟೊಗಳನ್ನು ಬಣ್ಣದಲ್ಲೇ ಪ್ರಿಂಟ್ ಮಾಡಿಸಿ. ಕಪ್ಪುಬಿಳುಪಿನ ಜೆರಾಕ್ಸಿನಲ್ಲಿ ನಿಮ್ಮ ನೀಲಿ ಸ್ಕೂಟರ್ ಕೂಡ ಕಪ್ಪಾಗಿಯೇ ಕಾಣುತ್ತದೆ.