ಡಿಕ್ರಿ ಕಾಸರಗೋಡಿನದ್ದು, ದುಡ್ಡು ಮಂಗಳೂರಿನಲ್ಲಿ

ಬಾಕಿ ಸಂಬಳದ ದಾವೆಯಲ್ಲಿ ಕಾಸರಗೋಡಿನ ಮುನ್ಸಿಫ್ ಕೋರ್ಟು ನನ್ನ ಪರವಾಗಿ ಡಿಕ್ರಿ, ಅಂದರೆ ಬಾಕಿ ಕೊಡಬೇಕೆಂಬ ತೀರ್ಪಿನ ಆದೇಶ, ಕೊಟ್ಟಿತು. ಹಳೆಯ ಧಣಿ ಮಾತ್ರ ಒಂದು ಪೈಸೆ ಬಿಚ್ಚಲಿಲ್ಲ. ಅಷ್ಟರಲ್ಲಿ ಇಲ್ಲಿನ ಅಂಗಡಿಗೆ ಬೀಗ ಜಡಿದು ವ್ಯಾಪಾರವನ್ನು ಮಂಗಳೂರಿಗೆ ಸಾಗಿಸಿದ್ದರು. ಡಿಕ್ರಿ ಆದರೆ ಕೋರ್ಟೇ ವಸೂಲಿ ಮಾಡಿ ಕೊಡುತ್ತದೆ ಎಂದು ಹಲವರು ನಂಬಿದ್ದಾರೆ. ಹಾಗಲ್ಲ, ಡಿಕ್ರಿಯನ್ನು ಜಾರಿ ಮಾಡಿಸುವ ಅಮಲ್ಜಾರಿ ಅರ್ಜಿಯನ್ನು ಗೆದ್ದವರೇ ಹಾಕಬೇಕು, ಎದುರಾಳಿಯ ಆಸ್ತಿ ಎಲ್ಲಿದೆ ಎಂದೂ ನಾವೇ ತೋರಿಸಬೇಕು. ಅದಕ್ಕೆ 12 ವರ್ಷಗಳ ಅವಧಿ ಇದೆ ನಿಜ, ಆದರೆ ಕಾಯುತ್ತ ಕೂತರೆ ಆಸ್ತಿ ಕೈಬದಲಾಗಿರುತ್ತದೆ.

ಕಾಸರಗೋಡಿನ ಕೋರ್ಟಿನ ಅಧಿಕಾರ ಕೇರಳ-ಕರ್ನಾಟಕದ ತಲಪಾಡಿ ಗಡಿ ದಾಟುವುದಿಲ್ಲ. ಹಾಗಾಗಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಕಲಮಿನಂತೆ ಡಿಕ್ರಿಯನ್ನು ಮಂಗಳೂರಿನ ಕೋರ್ಟಿಗೆ ವರ್ಗಾಯಿಸಲು ಇಲ್ಲೇ ಅರ್ಜಿ ಹಾಕಿಸಿದೆ. ಡಿಕ್ರಿಯ ಪ್ರತಿಯ ಜತೆಗೆ, ಹಣ ಇನ್ನೂ ಸಂದಿಲ್ಲ ಎಂಬ ಪ್ರಮಾಣಪತ್ರವೂ ಇಲ್ಲಿಂದ ಹೋಗಬೇಕು. ಅದು ಅಲ್ಲಿ ಮುಟ್ಟುವವರೆಗೆ ವಕೀಲರ ಗುಮಾಸ್ತರ ಬೆನ್ನು ಬಿಡಬೇಡಿ.

ನಿಜವಾಗಿ ಕೆಲಸಕ್ಕೆ ಬಂದದ್ದು ಸಂಬಳದ ಒಂದು ಹಳೆಯ ಚೆಕ್ಕಿನ ಜೆರಾಕ್ಸ್. ಅಂಗಡಿಯ ಖಾತೆ ನಂಬರು, ಶಾಖೆಯ ಹೆಸರು, ಐಎಫ್‌ಎಸ್‌ಸಿ ಎಲ್ಲ ಅದರಲ್ಲೇ ಇತ್ತು. ಖಾತೆ ಮಂಗಳೂರಿನ ಶಾಖೆಯದ್ದು. ಮೇಜು, ಕಪಾಟು ಜಪ್ತಿ ಮಾಡಿಸುವ ಬದಲು ಆ ಖಾತೆಯನ್ನೇ ಜಪ್ತಿ ಮಾಡಿಸಲು ಕೇಳಿಕೊಂಡೆವು. ಆದೇಶ ಬ್ಯಾಂಕಿಗೆ ಮುಟ್ಟಿದ್ದೇ ತಡ, ಅಲ್ಲಿಯವರೆಗೆ ಫೋನೆತ್ತದವರು ವಕೀಲರ ಮೂಲಕ ಮಾತಿಗೆ ಬಂದರು. ಹೊರಗೇ ಕೈಗೆ ಕೊಡುತ್ತೇವೆ ಎಂದರೆ ಯಾರೂ ಒಪ್ಪಬೇಡಿ. ಅಸಲು, ಬಡ್ಡಿ, ಕೋರ್ಟು ಖರ್ಚು ಎಲ್ಲವನ್ನೂ ಕೋರ್ಟಿನಲ್ಲೇ ಕಟ್ಟಿಸಿ, ಅಲ್ಲಿಂದಲೇ ಪಡೆದೆ.